ಮಸಿ ಸುಡುವಷ್ಟು ದೂರ

ಸೋಮನಾಥ ಕಾರು ಕೊಂಡದ್ದೂ ಮದುವೆಯಾದದ್ದೂ ಒಂದೇ ತಿಂಗಳಲ್ಲಿ. ಎರಡನ್ನೂ ಅವನು ಬಹಳ ತಡ ಮಾಡಿದ ಎಂದು ಎನ್.ಆರ್.ಪುರ ಪೇಟೆಯಲ್ಲಿ ಎಲ್ಲರೂ ಆಡಿಕೊಂಡರು. ತಂದೆ ತೀರಿಕೊಂಡ ಮೇಲೆ ಪೈಪು, ಮೋಟಾರು, ಸ್ಪ್ರಿಂಕ್ಲರ್ ಜೆಟ್ಟುಗಳ ಅಂಗಡಿ ಅವನ ಹೆಗಲಿಗೆ ಬಂದಿತ್ತು. ಇಬ್ಬರು ತಂಗಿಯರ ಓದು, ಮದುವೆ, ಬಾಣಂತನ ಎನ್ನುತ್ತ ಓಡಾಡುವುದರಲ್ಲಿ ತನಗೆ ನಲವತ್ತೇಳು ತುಂಬಿದ್ದೇ ಅವನಿಗೆ ಗೊತ್ತಾಗಲಿಲ್ಲ. ಕೊನೆಗೆ ತಂಗಿಯರೇ ಹಟ ಹಿಡಿದು ನೀಲಾಂಬಿಕೆಯನ್ನು ಹುಡುಕಿದರು. ಬಾಳಗಡಿಯ ಕಾಲೇಜಿನಲ್ಲಿ ಅವಳು ಕೆಮಿಸ್ಟ್ರಿ ಉಪನ್ಯಾಸಕಿ, ವಯಸ್ಸು ನಲವತ್ತಮೂರು. ಬಾಳೆಹೊನ್ನೂರಿನಲ್ಲಿ ಹತ್ತಿರದ ನೆಂಟರನ್ನಷ್ಟೇ ಕರೆದು ಮದುವೆ ಮಾಡಿದರು.

ಕಾರು ಡೀಸೆಲ್ಲಿನದು. ಘಟ್ಟದ ಏರಿಗೆ ಡೀಸೆಲ್ಲೇ ಸೈ ಎಂದು ಅವನ ತಂದೆ ಹೇಳುತ್ತಿದ್ದರು. ಅವನೂ ಹಾಗೇ ನಂಬಿದ್ದ. ಈಗಿನದು ಬಿಎಸ್ ಸಿಕ್ಸ್, ಹಳೇ ಕಾಲದ ಹಾಗೆ ಹೊಗೆ ಕಾರುವುದಿಲ್ಲ ಎಂದು ಶೋರೂಮಿನವನು ಹೇಳಿದಾಗ ಅದನ್ನೂ ನಂಬಿ ತಲೆಯಾಡಿಸಿದ. ಅದರ ಒಳಗುಟ್ಟು ಏನೆಂದು ಕೇಳಲಿಲ್ಲ.

ಮದುವೆಯಾಗಿ ಒಂದೆರಡು ತಿಂಗಳಾದರೂ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ನೆಂಟರ ಹಾಗೆಯೇ ಇದ್ದರು. ಬೆಳಿಗ್ಗೆ ಅವನು ಸ್ನಾನ, ಲಿಂಗಪೂಜೆ ಮುಗಿಸಿ ಬರುವಷ್ಟರಲ್ಲಿ ಅವಳು ರೊಟ್ಟಿ ಬೇಯಿಸಿಟ್ಟು ಬಸ್ಸಿಗೆ ಸಿದ್ಧವಾಗಿರುತ್ತಿದ್ದಳು. "ಚಟ್ನಿ ಖಾರ ಆಯ್ತಾ?" ಎಂದು ಕೇಳುತ್ತಿದ್ದಳು. "ಇಲ್ಲ ಮೇಡಂ, ಸರಿ ಇದೆ" ಎನ್ನುತ್ತಿದ್ದ. ಹೆಣ್ಣು ನೋಡಲು ಹೋದ ದಿನ ಬಾಯಿಗೆ ಬಂದ ಆ ಮೇಡಂ ಎಂಬ ಮಾತು ಇನ್ನೂ ಬಿಟ್ಟುಹೋಗಿರಲಿಲ್ಲ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಅವಳು ಕೇಳಿಸದವಳಂತೆ ಚೀಲ ಎತ್ತಿಕೊಳ್ಳುತ್ತಿದ್ದಳು. ಮೊದಲ ವಾರದಲ್ಲೇ ಅವನು ಧೈರ್ಯ ಮಾಡಿ, "ಕಾಲೇಜಿಗೆ ಬಿಟ್ಟು ಬರ್ಲಾ?" ಎಂದು ಕೇಳಿದ್ದ. "ಬೇಡ, ಬಸ್ಸಿದೆಯಲ್ಲ" ಎಂದಿದ್ದಳು. ಅಂಗಡಿಯ ಹೊತ್ತಿನಲ್ಲಿ ಅವನಿಗೆ ತೊಂದರೆ ಯಾಕೆ ಎಂದು ಅವಳು ಹಾಗಂದದ್ದು. ಜೊತೆಗೆ ಬರುವುದು ಇವರಿಗೆ ಇಷ್ಟವಿಲ್ಲ ಎಂದುಕೊಂಡು ಅವನು ಮತ್ತೆ ಆ ಮಾತೆತ್ತಲಿಲ್ಲ.

ಹೊಸ ಕಾರು ಸುಮ್ಮನೆ ನಿಂತಿರಬಾರದಲ್ಲ ಎಂದು ಅವನು ಅದನ್ನು ದಿನವೂ ಅಂಗಡಿಗೆ ಒಯ್ಯತೊಡಗಿದ. ನಡೆದರೆ ಒಂದು ಎಲೆ ಅಡಿಕೆ ಹಾಕಿ ಮುಗಿಸುವಷ್ಟು ದೂರ. ಅಂಗಡಿಯಲ್ಲಿ ಅವನ ತಂದೆಯ ಕಾಲದಿಂದಲೂ ಇದ್ದ ತಿಮ್ಮಣ್ಣ ಇದನ್ನು ನೋಡಿ, "ಗಾಡಿ ಬಿಸಿ ಆಗೋದ್ರೊಳಗೆ ಇಳೀತೀಯಲ್ಲ ಮಾರಾಯ" ಎಂದು ನಗುತ್ತಿದ್ದ. ಗಾಡಿಯ ತೊಂದರೆಯೂ ಸರಿಯಾಗಿ ಅದೇ ಆಗಿತ್ತು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಒಂದು ಶನಿವಾರ ಕಾರಿನ ಮುಂದಿನ ಫಲಕದಲ್ಲಿ ಕಿತ್ತಳೆ ಬಣ್ಣದ ದೀಪವೊಂದು ಹತ್ತಿಕೊಂಡಿತು. ಒಂದು ಪೆಟ್ಟಿಗೆ, ಅದರೊಳಗೆ ಚುಕ್ಕಿ ಚುಕ್ಕಿ. ಸೋಮನಾಥ ಗಾಬರಿಯಾಗಿ ಕೊಪ್ಪ ರಸ್ತೆಯಲ್ಲಿದ್ದ ಗಣಪತಿಯ ಗ್ಯಾರೇಜಿಗೆ ಹೋದ. ಗಣಪತಿ ಅವನ ಶಾಲೆಯ ಗೆಳೆಯ. ದೀಪ ನೋಡಿದ ಕೂಡಲೇ ಕೈ ಒರೆಸಿಕೊಂಡು ನಕ್ಕ.

"ಇದಾ? ಹೊಗೆ ಕೊಳವೆ ದಾರೀಲಿ ಒಂದು ಫಿಲ್ಟರ್ ಇಟ್ಟಿರ್ತಾರೆ. ಇಂಜಿನ್ನಿನ ಮಸಿ ಎಲ್ಲ ಅದ್ರಲ್ಲಿ ಕೂರ್ತದೆ. ಈಗ ತುಂಬಿದೆ."

"ತುಂಬಿದ್ರೆ ಎಂತ ಮಾಡದು?"

"ಬಿಡು, ನಾಳೆ ತಂದುಬಿಡು. ಒಳಗಿನ ಜಾಲರಿ ಕುಟ್ಟಿ ತೆಗೆದುಹಾಕ್ತೇನೆ. ನನ್ನ ಪಿಕಪ್ಪಿಗೂ ಹಂಗೇ ಮಾಡಿದ್ದು. ಆಮೇಲೆ ಲ್ಯಾಪ್‌ಟಾಪ್ ಹಾಕಿ, ಫಿಲ್ಟರ್ ಇದೆ ಅಂತ ಅದಕ್ಕೊಂದು ಸುಳ್ಳು ಹೇಳಿಸಿದ್ರಾಯ್ತು. ಜನ್ಮದಲ್ಲಿ ದೀಪ ಬರಲ್ಲ."

ಪಿಕಪ್ಪಿನ ಶಕ್ತಿ ತೋರಿಸಲೆಂದು ಗಣಪತಿ ಅದನ್ನು ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿದ. ಹಿಂದಿನಿಂದ ಕಪ್ಪು ಹೊಗೆ ಬುಸ್ಸೆಂದು ನುಗ್ಗಿ ಎದುರಿನ ಕಾಂಪೌಂಡಿಗೆ ಬಡಿಯಿತು. ಸೋಮನಾಥನಿಗೆ ಅದು ಅಷ್ಟೇನೂ ವಿಶೇಷ ಅನ್ನಿಸಲಿಲ್ಲ. ಚಿಕ್ಕಂದಿನಿಂದ ನೋಡಿದ ಹೊಗೆಯೇ. ನಾಳೆ ತರುತ್ತೇನೆ ಎಂದು ಹೇಳಿ ಬಂದ.

ಸಂಜೆ ಕಾಫಿ ಕುಡಿಯುವಾಗ ಮಾತಿಗೆ ಮತ್ತೇನೂ ಸಿಗದೆ ಇದನ್ನೇ ಹೇಳಿದ. ನೀಲಾಂಬಿಕೆ ಲೋಟ ಕೆಳಗಿಟ್ಟಳು.

"ತೆಗೆಸ್ತೀರಾ?"

"ಅವನು ತೆಗೀಬಹುದು ಅಂತಾನೆ."

"ಕಂಪನಿಯೋರನ್ನ ಒಂದು ಮಾತು ಕೇಳೋಣ" ಎಂದಳು. ಅವಳು ಹೀಗೆ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದದ್ದು ಅದೇ ಮೊದಲು. ಸೋಮನಾಥ ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. ದೀಕ್ಷಾ ಎಂಬ ಹುಡುಗಿ ಮಾತಾಡಿದಳು.

"ಸರ್, ಗಾಡಿ ದಿನಾ ಎಲ್ಲಿಗೆ ಓಡತ್ತೆ?"

"ಮನೆಯಿಂದ ಅಂಗಡಿಗೆ. ಅಂಗಡಿಯಿಂದ ಮನೆಗೆ."

"ಅಂಗಡಿ ಎಷ್ಟು ದೂರ ಸರ್?"

ಸೋಮನಾಥ ಕಿಟಕಿಯ ಕಡೆ ನೋಡಿದ. "ಇಲ್ಲಿಂದ ಬೋರ್ಡು ಕಾಣ್ತದೆ."

ನೀಲಾಂಬಿಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳು ನಗುವುದನ್ನು ಅವನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ.

"ಸರ್, ಆ ಫಿಲ್ಟರ್ ತನ್ನನ್ನ ತಾನೇ ಸ್ವಚ್ಛ ಮಾಡ್ಕೊಳ್ಳತ್ತೆ" ಎಂದು ದೀಕ್ಷಾ ವಿವರಿಸಿದಳು. "ಆದ್ರೆ ಅದು ಚೆನ್ನಾಗಿ ಕಾಯ್ಬೇಕು. ನಾಳೆ ಒಂದೇ ಹದದಲ್ಲಿ, ಐವತ್ತು ಅರವತ್ತರ ಮೇಲೆ, ಒಂದರ್ಧ ಗಂಟೆ ಓಡ್ಸಿ. ಮಧ್ಯ ನಿಲ್ಲಿಸ್ಬೇಡಿ, ಇಂಜಿನ್ ಆಫ್ ಮಾಡ್ಬೇಡಿ. ಮಸಿ ಸುಟ್ಟುಹೋಗತ್ತೆ, ದೀಪ ಹೋಗತ್ತೆ. ತೆಗೆಸೋಕೆ ಮಾತ್ರ ಹೋಗ್ಬೇಡಿ ಸರ್, ಅದು ಕಾನೂನಿಗೆ ವಿರುದ್ಧ."

ಫೋನಿಟ್ಟ ಮೇಲೆ ನೀಲಾಂಬಿಕೆ, "ಇದ್ದಿಲು ಸುಡ್ಬೇಕು ಅಂದ್ರೆ ಬಿಸಿ ಬೇಕೇ ಬೇಕಲ್ಲ. ನೀವು ಹೊರಡೋದ್ರೊಳಗೇ ಮುಟ್ಟಿಬಿಡ್ತೀರಿ" ಎಂದಳು. ತರಗತಿಯಲ್ಲಿ ಹೇಳುವಂತೆ ಹೇಳಿ, ಹಾಗೆ ಹೇಳಿದ್ದಕ್ಕೆ ತಾನೇ ಸ್ವಲ್ಪ ನಾಚಿದಳು. "ನಾಳೆ ಭಾನುವಾರ. ಹೋಗಿ ಬನ್ನಿ."

"ಒಬ್ಬನೇ ಹೋಗಿ ಎಂತ ಮಾಡ್ಲಿ?" ಮಾತು ತಾನಾಗಿ ಹೊರಬಿತ್ತು. "ನೀವೂ ಬರ್ತೀರಾ?"

"ಬರ್ತೇನೆ" ಎಂದಳು, ಕೇಳಲೆಂದೇ ಕಾದಿದ್ದವಳಂತೆ.

ಮಲೆನಾಡಿನಲ್ಲಿ ಅರ್ಧ ಗಂಟೆ ಒಂದೇ ಹದದಲ್ಲಿ ಗಾಡಿ ಓಡಿಸುವ ರಸ್ತೆ ಹುಡುಕುವುದು ಸಣ್ಣ ಕೆಲಸವಲ್ಲ. ಕೊಪ್ಪದ ಕಡೆ ಬರೀ ತಿರುವು. ಬಾಳೆಹೊನ್ನೂರಿನ ಕಡೆಯೂ ಅದೇ ಕತೆ. ಉಳಿದದ್ದು ಶಿವಮೊಗ್ಗ ರಸ್ತೆ. ಊರು ದಾಟಿ ಕಾಡು ಹೊಕ್ಕ ಮೇಲೆ ಅದು ಸ್ವಲ್ಪ ನೆಟ್ಟಗಾಗುತ್ತದೆ. ಬೆಳಗಿನ ಬಿಸಿಲು ತೇಗದ ಮರಗಳ ಸಂದಿನಿಂದ ಓರೆಯಾಗಿ ರಸ್ತೆಗೆ ಬೀಳುತ್ತಿತ್ತು. ಸೋಮನಾಥ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಕಣ್ಣನ್ನು ರಸ್ತೆಗೂ ವೇಗದ ಮುಳ್ಳಿಗೂ ಕೀಲಿಸಿ ಕೂತಿದ್ದ. ಹಂಪು ಬಂದಾಗ, ದನ ಅಡ್ಡ ಬಂದಾಗ, "ಛೆ, ಹೋಯ್ತು ಬಿಸಿ" ಎಂದು ಗೊಣಗುತ್ತಿದ್ದ. ನಂತರ ಅದೂ ನಿಂತಿತು. ಇಂಜಿನ್ನಿನ ಸದ್ದು ಸ್ವಲ್ಪ ಗಡಸಾಯಿತು.

"ಅಮ್ಮನಿಗೆ ಉಸಿರು ಕಟ್ತಿತ್ತು" ಎಂದಳು ನೀಲಾಂಬಿಕೆ.

ಅವನು ತಿರುಗಿ ನೋಡುವಂತಿರಲಿಲ್ಲ. ಅದರಿಂದಲೇ ಅವಳಿಗೆ ಹೇಳುವುದು ಸುಲಭವಾಯಿತೋ ಏನೋ.

"ಕೊಪ್ಪದಲ್ಲಿ ನಮ್ಮ ಮನೆ ಬಸ್ ಸ್ಟ್ಯಾಂಡ್ ಹಿಂದೇನೇ. ಅಪ್ಪ ಇರಲಿಲ್ಲ. ಅಮ್ಮ ಒಂದು ಸಣ್ಣ ಖಾನಾವಳಿ ಇಟ್ಟಿದ್ರು. ಒಳಗೆ ಸೌದೆ ಒಲೆ, ಹೊರಗೆ ಬೆಳಗಿಂದ ಜೀಪು, ಬಸ್ಸು ಚಾಲೂ ಮಾಡಿ ನಿಲ್ಲಿಸಿರೋರು. ಒಗೆದು ಹಾಕಿದ ಬಟ್ಟೆ ತೆಗೆಯೋವಾಗ ಮತ್ತೆ ಕೊಡವಬೇಕಿತ್ತು. ಅಮ್ಮ ಅದನ್ನೇ ಕುಡಿದ್ರು, ಅಷ್ಟೂ ವರ್ಷ. ಆಮೇಲೆ ಎರಡು ಮೆಟ್ಟಿಲು ಹತ್ತೋಕೂ ಆಗ್ತಿರಲಿಲ್ಲ. ನಾನು ಎಲ್ಲಿಗೂ ಹೋಗಲಿಲ್ಲ. ಹೋಗೋಕೆ ಮನಸ್ಸು ಬರಲಿಲ್ಲ. ಯಾರಾದ್ರೂ ಹೆಣ್ಣು ನೋಡೋಕೆ ಬರ್ತೀವಿ ಅಂದ್ರೂ ಬೇಡ ಅಂತಿದ್ದೆ." ಸ್ವಲ್ಪ ತಡೆದು, "ಕೊನೆಗಾಲದಲ್ಲಿ ಅಮ್ಮ ಮಲಗೋಕೂ ಆಗದೆ ಕೂತೇ ಇರೋರು. ನಾನು ಬೆನ್ನಿಗೆ ಬೆನ್ನು ಕೊಟ್ಟು ಕೂರ್ತಿದ್ದೆ" ಎಂದಳು.

ದನಿ ಒಡೆಯಿತು. ಸೋಮನಾಥನ ಕಾಲು ತಾನಾಗಿ ಬ್ರೇಕಿನ ಕಡೆ ಸರಿಯಿತು. ಮುಂದೆ ಮರದ ಕೆಳಗೆ ಜಾಗವಿತ್ತು.

"ನಿಲ್ಲಿಸ್ಬೇಡಿ" ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಓಡ್ಸಿ. ಅದು ಸುಡ್ತಾ ಇದೆ."

ಅವನು ಓಡಿಸಿದ. ಗಾಡಿಯನ್ನು ಒಂದಿಷ್ಟೂ ಕುಲುಕದಂತೆ, ನಿದ್ದೆ ಹೋದ ಮಗುವನ್ನು ಎತ್ತಿಕೊಂಡು ನಡೆಯುವವನಂತೆ ಒಯ್ದ. ಬಹಳ ಹೊತ್ತಿನ ಮೇಲೆ, "ನಾನು ಈ ಕಾರು ತಗೊಂಡಿದ್ದೇ ನಿಮ್ಮನ್ನ ಕಾಲೇಜಿಗೆ ಬಿಡೋಕೆ" ಎಂದ. "ನೀವು ಬಸ್ಸಿದೆ ಅಂದ್ರಿ."

"ನಿಮ್ಗೆ ತೊಂದ್ರೆ ಅಂತ ಅಂದೆ."

"ನಂಗೆ ಎಂತ ತೊಂದ್ರೆ?"

ಅವಳು ಫಲಕದ ಕಡೆ ಬೆರಳು ತೋರಿಸಿದಳು. ದೀಪ ಆರಿತ್ತು.

ಮುಂದೆ ಸಿಕ್ಕ ಹೋಟೆಲಿನೆದುರು ನಿಲ್ಲಿಸಿದರು. ಇಂಜಿನ್ ಬಂದ್ ಮಾಡಿದರೂ ಒಳಗಿನ ಫ್ಯಾನು ಗುಂಯ್ ಎಂದು ತಿರುಗುತ್ತಲೇ ಇತ್ತು. ಬಿಸಿ ಕಬ್ಬಿಣದ ವಾಸನೆ ಬರುತ್ತಿತ್ತು. ಹೋಟೆಲಿನವನು ಹೊರಗೆ ಬಂದು, "ಗಾಡಿಗೆ ಎಂತ ಆಯ್ತು?" ಎಂದ. "ಮಸಿ ಬಿಟ್ಟಿತು" ಎಂದ ಸೋಮನಾಥ. ಯಾಕೋ ಇಬ್ಬರಿಗೂ ನಗು ಬಂತು. ನಗುತ್ತಲೇ ಒಂದೊಂದು ಪ್ಲೇಟ್ ಇಡ್ಲಿ ತಿಂದು, ಸಾಲದೆಂದು ಮತ್ತೊಂದು ಹೇಳಿದರು.

ಮರುದಿನ ಗಣಪತಿ ಅಂಗಡಿಗೇ ಬಂದ. "ನಿನ್ನೆ ಕಾಯ್ದೆ. ಬರ್ಲೇ ಇಲ್ಲ?"

"ಬೇಡ ಮಾರಾಯ. ಅದು ಇರ್ಲಿ."

"ಯಾರೂ ಬಗ್ಗಿ ನೋಡಲ್ಲ ಮಾರಾಯ."

"ಯಾರೋ ನೋಡ್ತಾರೆ ಅಂತ ಅಲ್ಲ" ಎಂದ ಸೋಮನಾಥ. "ನಿನ್ನ ಪಿಕಪ್ ನಿಲ್ಲೋ ಕಡೆ ಎದುರಿಗೆ ಮನೆ ಇದೆ. ಅಲ್ಲೊಂದು ತೊಟ್ಟಿಲೂ ಇದೆ. ಮೊನ್ನೆ ಅಲ್ಲಿ ನಿಂತಾಗ ಕಣ್ಣಿಗೆ ಬಿದ್ದಿದ್ರೂ ನಿನ್ನೆವರೆಗೆ ಅದು ನನ್ನ ಮನಸ್ಸಿಗೇ ಬಂದಿರಲಿಲ್ಲ." ಗಣಪತಿ ಎರಡು ಜೆಟ್ಟು ಕಟ್ಟಿಸಿಕೊಂಡು ಹೋದ. ಆ ವಾರ ಅವನು ಪಿಕಪ್ಪನ್ನು ಗ್ಯಾರೇಜಿನ ಹಿಂದಕ್ಕೆ ಒಯ್ದು ನಿಲ್ಲಿಸತೊಡಗಿದನೆಂದು ತಿಮ್ಮಣ್ಣ ಸುದ್ದಿ ತಂದ. ಅದಕ್ಕಿಂತ ಹೆಚ್ಚೇನೂ ಬದಲಾಗಲಿಲ್ಲ.

ದೀಪ ಮತ್ತೆ ಬಂತು, ಮತ್ತೆ ಹೋದರು. ಸೋಮನಾಥ ಈಗ ಬೇಕೆಂದೇ ಕಾರನ್ನು ಅಂಗಡಿಗೆ ಒಯ್ಯುತ್ತಿದ್ದ. ಬೇಗ ಮಸಿ ಕೂರಲಿ ಎಂದು ಮಧ್ಯಾಹ್ನದ ಊಟಕ್ಕೂ ಕಾರಿನಲ್ಲೇ ಬಂದು ಹೋಗುತ್ತಿದ್ದ. ಆದರೂ ಕೆಲವು ವಾರ ದೀಪ ಹಟ ಮಾಡಿ ಹತ್ತುತ್ತಲೇ ಇರಲಿಲ್ಲ. ಅಂಥ ಒಂದು ಭಾನುವಾರ ಅವನು ಎಲ್ಲೋ ನೋಡುತ್ತ, "ಆ ದೀಪ ಬಂದ ಹಾಗಿತ್ತು" ಎಂದ. ನೀಲಾಂಬಿಕೆ ತಲೆ ಬಾಚಿಕೊಂಡು ಬಂದು ಕೂತಳು. ಅವನು ಚಾಲೂ ಮಾಡಿದ. ಫಲಕದಲ್ಲಿ ಒಂದು ದೀಪವೂ ಇರಲಿಲ್ಲ. ಅವಳು ಅದನ್ನು ನೋಡಿದಳು, ಅವನನ್ನೂ ನೋಡಿದಳು, ಸೀಟ್ ಬೆಲ್ಟ್ ಹಾಕಿಕೊಂಡಳು. ಅವತ್ತು ಶೃಂಗೇರಿ ದಾಟಿ ನೆಮ್ಮಾರಿನ ತನಕ ಹೋದರು, ಎರಡನೇ ಗೇರಿನ ಮೇಲೆ ಹೋಗಲಾಗದಂಥ ತಿರುವುಗಳಲ್ಲಿ.

"ಇಂಥ ತಿರುವಲ್ಲೂ ಮಸಿ ಸುಡತ್ತಾ?" ಎಂದು ಅವಳು ಬಹಳ ಗಂಭೀರವಾಗಿ ಕೇಳಿದಳು.

"ಸ್ವಲ್ಪ ಸ್ವಲ್ಪ" ಎಂದ ಅವನು. ಕಿವಿ ಬಿಸಿಯಾಯಿತು.

ಆ ಚಳಿಗಾಲದಲ್ಲಿ ಅವಳು ಹೋಗುತ್ತಿದ್ದ ಬೆಳಗಿನ ಬಸ್ಸು ನಿಂತುಹೋಯಿತು. ಮುಂದಿನ ಬಸ್ಸಿಗೆ ಹೋದರೆ ಮೊದಲ ಪೀರಿಯಡ್ ತಪ್ಪುತ್ತಿತ್ತು. ಸೋಮನಾಥ ಸಂಭ್ರಮದಿಂದಲೇ ದಿನವೂ ಬಾಳಗಡಿಗೆ ಬಿಡತೊಡಗಿದ. ಆದರೆ ತೋಟಕ್ಕೆ ನೀರು ಬಿಡುವ ಕಾಲ ಅದು. ಬೆಳಿಗ್ಗೆ ಬಂದ ಗಿರಾಕಿಗಳು ಬೀಗ ನೋಡಿ ಹಿಂದೆ ಹೋಗುತ್ತಿದ್ದರು. ತಿಮ್ಮಣ್ಣ ಮುಖ ದಪ್ಪ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಒಂದು ದಿನ ಇದನ್ನು ತಿಳಿದ ನೀಲಾಂಬಿಕೆ, "ನಂಗೇ ಗಾಡಿ ಕಲಿಸಿ" ಎಂದಳು. "ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಯಾರ್ಯಾರನ್ನೋ ಕಾಯೋವಾಗೆಲ್ಲ ಅಂದ್ಕೊಳ್ತಿದ್ದೆ, ನಂಗೆ ಬಂದಿದ್ರೆ ಅಂತ."

ಅವನು ಕಲಿಸಿದ. ಮೊದಲು ಆಟದ ಬಯಲಿನಲ್ಲಿ, ಆಮೇಲೆ ಸಂಜೆಯ ರಸ್ತೆಯಲ್ಲಿ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿದಾಗ ಅವಳು ಕಣ್ಣುಮುಚ್ಚಿ ಹ್ಯಾಂಡ್‌ಬ್ರೇಕ್ ಹಿಡಿದುಕೊಂಡಳು. ಅವನು ಆ ಕೈಯ ಮೇಲೆ ಕೈಯಿಟ್ಟು, "ಏನೂ ಆಗಲ್ಲ ನೀಲಾ. ಕ್ಲಚ್ ನಿಧಾನ ಬಿಡು" ಎಂದ. ಗಾಡಿ ಮುಂದಕ್ಕೆ ಎಗರಿ ಏರಿ ನಿಂತಿತು. ತಾನು ಏನೆಂದು ಕರೆದೆ ಎಂದು ಅವನಿಗೆ ನೆನಪಾದದ್ದು ಮನೆ ಮುಟ್ಟಿದ ಮೇಲೆ.

ಲೈಸೆನ್ಸ್ ಬಂತು. ಅವಳು ಒಬ್ಬಳೇ ಕಾಲೇಜಿಗೆ ಹೋಗಿ ಬರತೊಡಗಿದಳು. ಮೊದಲ ದಿನ ಸೋಮನಾಥ ಅಂಗಡಿಯಲ್ಲಿ ಯಾರೋ ಅರ್ಧ ಇಂಚಿನ ಪೈಪು ಕೇಳಿದರೆ ಒಂದು ಇಂಚಿನದು ಕೊಟ್ಟ. ಅವಳು "ಮುಟ್ಟಿದೆ" ಎಂದು ಫೋನ್ ಮಾಡಿದ ಮೇಲೆ ಅದನ್ನು ಬದಲಿಸಿದ. ತಿಂಗಳೊಪ್ಪತ್ತಿನಲ್ಲಿ ಅವಳ ಕೈ ಪಳಗಿತು. ಕಾರು ದಿನವೂ ದೂರ ಓಡಿ, ಚೆನ್ನಾಗಿ ಕಾದು, ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತಿತ್ತು. ದೀಪ ಬರುವುದೇ ನಿಂತಿತು.

ಅದು ನಿಂತದ್ದರಿಂದ ಭಾನುವಾರದ ಸವಾರಿಯೂ ನಿಂತಿತು. ಸೋಮನಾಥ ಪೇಪರ್ ಹಿಡಿದು ಜಗಲಿಯಲ್ಲಿ ಕೂರುತ್ತಿದ್ದ. ವಾರವೆಲ್ಲ ಗಾಡಿ ಓಡಿಸಿ ಅವಳಿಗೆ ಸಾಕಾಗಿರುತ್ತದೆ, ಕೇಳಬಾರದು ಎಂದು ಅವನ ಲೆಕ್ಕ. ಗಾಡಿಗೇ ಬೇಡವಾದ ಮೇಲೆ ಇವರಿಗೆ ಯಾಕೆ ಬೇಕು ಎಂದು ಅವಳ ಲೆಕ್ಕ. ಮಾತು ಕಡಿಮೆಯೇನೂ ಆಗಿರಲಿಲ್ಲ. ಆದರೂ ಅವನಿಗೆ ಯಾವುದೋ ಸಾಲದು ಅನ್ನಿಸುತ್ತಿತ್ತು. ಅಂಗಡಿಗೆ ನಡೆದು ಹೋಗುವಾಗ ಒಮ್ಮೊಮ್ಮೆ ಆ ಚುಕ್ಕಿ ದೀಪದ ಮೇಲೇ ಅವನಿಗೆ ಸಿಟ್ಟು ಬರುತ್ತಿತ್ತು.

ಕಾರು ಕೊಂಡು ವರ್ಷವಾಯಿತು. ಎಮಿಷನ್ ಟೆಸ್ಟ್ ಮಾಡಿಸಬೇಕಾಗಿ ಬಂತು. ರಜೆಯ ದಿನ ನೋಡಿ ಇಬ್ಬರೂ ಕೊಪ್ಪಕ್ಕೆ ಹೋದರು, ಅವಳೇ ಓಡಿಸಿದಳು. ಟೆಸ್ಟಿನವನು ಹೊಗೆ ಕೊಳವೆಗೆ ಸಲಾಕೆ ತೂರಿಸಿ, ಆಕ್ಸಿಲರೇಟರ್ ಒತ್ತಿಸಿ, ಪರದೆ ನೋಡಿದ. ಹುಬ್ಬು ಗಂಟಿಕ್ಕಿದ. ಸಲಾಕೆ ತೆಗೆದು ಊದಿ ಮತ್ತೆ ತೂರಿಸಿದ.

"ಏನಾಯ್ತು?" ಎಂದು ಸೋಮನಾಥ ಗಾಬರಿಯಾದ.

"ಎಂತದೂ ಇಲ್ಲ. ಅದೇ, ಎಂತದೂ ಇಲ್ಲ. ಮಿಷನ್ನೇ ಕೈಕೊಟ್ಟಿತಾ ಅಂತ ನೋಡ್ದೆ" ಎಂದ ಅವನು. "ಫಿಲ್ಟರ್ ಚೆನ್ನಾಗಿ ಇಟ್ಕೊಂಡಿದೀರಿ. ಸುಮಾರು ಜನ ತೆಗೆಸಿರ್ತಾರೆ."

ಟೆಸ್ಟಿನವನು ಸರ್ಟಿಫಿಕೇಟ್ ತರಲು ಒಳಗೆ ಹೋದ. ನೀಲಾಂಬಿಕೆ ಕಾರಿನ ಹಿಂದೆ ನಿಂತಿದ್ದಳು. ಕೊಳವೆ ತಣಿಯಲೆಂದು ಸ್ವಲ್ಪ ಕಾದು, ಚೀಲದಿಂದ ಬಿಳಿ ಕರ್ಚೀಫು ತೆಗೆದು, ಬಗ್ಗಿ, ಕೊಳವೆಯ ಒಳಮೈಯನ್ನು ಒಂದು ಸುತ್ತು ಒರೆಸಿದಳು. ಬಟ್ಟೆ ಬಿಚ್ಚಿ ಬಿಸಿಲಿಗೆ ಹಿಡಿದಳು. ಒಂದಿಷ್ಟು ಧೂಳಿತ್ತು, ಅಷ್ಟೇ. ಅವಳು ಅದನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟಳು. ಅಲ್ಲಿಂದ ಅಮ್ಮ ಖಾನಾವಳಿ ಇಟ್ಟಿದ್ದ ಬಸ್ ಸ್ಟ್ಯಾಂಡು ದೂರವಿರಲಿಲ್ಲ. ಸೋಮನಾಥ ಹತ್ತಿರ ಬಂದು ಅವಳ ಪಕ್ಕದಲ್ಲಿ ನಿಂತ. ಕರ್ಚೀಫನ್ನು ಮಡಚಿ ಅವನ ಕೈಗೆ ಕೊಟ್ಟಳು. ಅವನು ಜೇಬಿಗಿಟ್ಟುಕೊಂಡ.

"ಮನೆಗಾ?" ಎಂದ.

"ಇನ್ನೂ ಹೊತ್ತಿದೆಯಲ್ಲ." ಅವಳು ಕೀಲಿಯನ್ನು ಅವನ ಕಡೆ ಚಾಚಿದಳು. "ನೀವು ಓಡ್ಸಿ. ನಂಗೆ ಪಕ್ಕದಲ್ಲಿ ಕೂರ್ಬೇಕು. ಎಷ್ಟು ದಿನ ಆಯ್ತು, ಪಕ್ಕದಲ್ಲಿ ಕೂತು."

"ನಿಮ್ಗೆ ಸಾಕಾಗಿರತ್ತೆ ಅಂತ ನಾನು—"

"ನಾನೂ ನಿಮ್ಗೆ ಬೇಡ ಅಂತ ಅಂದ್ಕೊಂಡೆ. ಹೋಗ್ಲಿ. ಸಿರಿಮನೆ ಫಾಲ್ಸ್ ನೋಡಿದೀರಾ?"

ನೋಡಿರಲಿಲ್ಲ. ಇಷ್ಟು ಹತ್ತಿರ ಇದ್ದುಕೊಂಡು, ತಂಗಿಯರನ್ನು, ಅವರ ಮಕ್ಕಳನ್ನು ಅಲ್ಲಿಗೆ ಕಳಿಸಿದ್ದನೇ ಹೊರತು ತಾನು ಹೋಗಿರಲಿಲ್ಲ. ಶೃಂಗೇರಿಯಲ್ಲಿ ಊಟ ಮಾಡಿ, ಕಿಗ್ಗದ ದಾರಿ ಹಿಡಿದರು. ದಾರಿಯುದ್ದಕ್ಕೂ ಅವಳು ಕಾಲೇಜಿನ ಹುಡುಗಿಯರ ಸುದ್ದಿ ಹೇಳಿದಳು. ಅವನು ತಿಮ್ಮಣ್ಣ ಮಾಡಿದ ಎಡವಟ್ಟುಗಳನ್ನು ಹೇಳಿದ. ಫಲಕದ ಕಡೆ ಯಾರೂ ನೋಡಲಿಲ್ಲ.

ಜಲಪಾತದ ಮೆಟ್ಟಿಲು ಇಳಿದಾಗ ಅಲ್ಲಿ ಹೆಚ್ಚು ಜನ ಇರಲಿಲ್ಲ. ನೀಲಾಂಬಿಕೆ ಚಪ್ಪಲಿ ಕಳಚಿ ಅವನ ಕೈಗೆ ಕೊಟ್ಟು, ಸೀರೆ ಸ್ವಲ್ಪ ಎತ್ತಿ ಹಿಡಿದು, ಬಂಡೆಯಿಂದ ಬಂಡೆಗೆ ಕಾಲಿಡುತ್ತ ನೀರಿನ ಹತ್ತಿರಕ್ಕೆ ಹೋದಳು. ತುಂತುರು ಮುಖಕ್ಕೆ ಬಡಿದಾಗ ಬಾಯ್ತುಂಬ ಉಸಿರೆಳೆದುಕೊಂಡಳು. ಆಮೇಲೆ ತಿರುಗಿ, ನಗುತ್ತ, ಅವನಿಗೆ ಏನೋ ಕೂಗಿ ಹೇಳಿದಳು.

ನೀರಿನ ಸದ್ದಿನಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. "ಎಂತ?" ಎಂದು ಅವನು ಕೂಗಿದ. ಅವಳು ಮತ್ತೆ ಹೇಳಿದಳು. ಅವನು ಅವಳ ಚಪ್ಪಲಿಗಳನ್ನು ಒಣ ಬಂಡೆಯ ಮೇಲೆ ಜೋಡಿಸಿಟ್ಟು, ತನ್ನವನ್ನೂ ಕಳಚಿ ಪಕ್ಕದಲ್ಲಿಟ್ಟು, ಪ್ಯಾಂಟು ಮಡಚಿಕೊಂಡು, ಅವಳು ಹೇಳಿದ್ದು ಏನೆಂದು ಕೇಳಲು ನೀರಿಗಿಳಿದ.